ಯುದ್ಧದ ಸುದ್ದಿ ಬಂದಾಗ ಉಕ್ಕೋ ಮಿಲಿಟ್ರಿ ಪ್ರೀತಿ ಎಷ್ಟು ದಿನದ್ದು?

ಪ್ರಶ್ನೆ (ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರದ್ದು, ಸ್ವಲ್ಪ ಚಿಕ್ಕದು ಮಾಡಿದ್ದೀನಿ): ಸರ್, ನನ್ನ ಮಗ ಸೆಕೆಂಡ್ ಪಿಯುಸಿ ಓದ್ತಿದ್ದಾನೆ. ಇಂಜಿನಿಯರಿಂಗ್ ಅಂತಿದ್ದೋನು 2025ರ ಮೇ ತಿಂಗಳಿಂದ ಮಿಲಿಟ್ರಿ ಬಿಟ್ಟು ಬೇರೆ ಮಾತೇ ಇಲ್ಲ. ನನ್ನ ಮಾವ ಪೆನ್ಷನ್ ಬಂದ ಸುಬೇದಾರ್, ಶ್ರೀಲಂಕಾಕ್ಕೂ ಹೋಗಿ ಬಂದವರು, ಅವರಿಗೆ ಖುಷಿಯೋ ಖುಷಿ. ನನ್ನ ಹೆಂಡತಿ ಮಾತ್ರ ಬೇಡವೇ ಬೇಡ ಅಂತ ಊಟ ಬಿಟ್ಟು ಕೂತಿದ್ದಾಳೆ. ಹೊರಗಿನ ಶತ್ರು ಭಯ ಬಂದಾಗ ಜನಕ್ಕೆ ಸೇನೆ ಸೇರೋ ಮನಸ್ಸು ನಿಜವಾಗ್ಲೂ ಹೆಚ್ಚಾಗುತ್ತಾ, ಇಲ್ಲ ಇದೆಲ್ಲ ಟಿವಿ ಜ್ವರವಾ? ನಮ್ಮ ವಾಟ್ಸಾಪ್ ಗ್ರೂಪಲ್ಲಿ ಎಲ್ಲರಿಗೂ ಎರಡು ವರ್ಷ ಕಡ್ಡಾಯ ಮಿಲಿಟ್ರಿ ಮಾಡ್ಬೇಕು ಅಂತಾರೆ, ಅದು ಸರಿಯಾ?

ಉತ್ತರ: ಮೊದಲು ಒಂದು ಮಾತು. ನಿಮ್ಮ ಮನೇಲಿ ಈ ವಿಷಯ ಒಳಗಿಂದ ಗೊತ್ತಿರೋರು ಇಬ್ಬರೇ, ಮಿಲಿಟ್ರಿಗೆ ಹೋಗಿದ್ದ ನಿಮ್ಮ ಮಾವ ಮತ್ತೆ ಅವರಿಗಾಗಿ ಮನೇಲಿ ಕಾದಿದ್ದ ಅವರ ಮಗಳು. ಆದ್ರಿಂದ ಹೆಂಡತಿ ಸಿಟ್ಟನ್ನ ಹೆಂಗಸರ ಅಳು ಅಂತ ಪಕ್ಕಕ್ಕಿಡ್ಬೇಡಿ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ನಾನು ಕಾಲೇಜಲ್ಲಿ ರಾಜ್ಯಶಾಸ್ತ್ರ ಹೇಳ್ಕೊಟ್ಟು ರಿಟೈರ್ ಆದವನು, ಅದ್ರಲ್ಲಿ ಹದಿನೇಳು ವರ್ಷ ಎನ್‌ಸಿಸಿ ನನ್ನ ತಲೆ ಮೇಲಿತ್ತು, ಹಾಗಾಗಿ ಈ ಪ್ರಶ್ನೆನ ಪುಸ್ತಕದಲ್ಲೂ ನೋಡಿದ್ದೀನಿ, ಪರೇಡ್ ಗ್ರೌಂಡಲ್ಲೂ ನೋಡಿದ್ದೀನಿ. ನೇರವಾಗಿ ಹೇಳೋದಾದ್ರೆ ಹೊರಗಿನ ಭಯ ಬಂದಾಗ ಜನರಲ್ಲಿ ಹೆಚ್ಚಾಗೋದು ಸೈನಿಕನ ಮೇಲಿನ ಪ್ರೀತಿ. ಸೇನೆಗೆ ಹೋಗೋ ಮನಸ್ಸು ಹೆಚ್ಚಾಗಲ್ಲ ಅಂತಲ್ಲ, ಹೆಚ್ಚಾಗುತ್ತೆ, ಆದ್ರೆ ಅಷ್ಟೇ ಬೇಗ ಇಳಿಯುತ್ತೆ. ನಾವು ಎಂತ ಮಾಡ್ತೀವಿ ಅಂದ್ರೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನ ಒಂದೇ ಚೀಲಕ್ಕೆ ತುಂಬ್ತೀವಿ. ಸೈನಿಕರ ಮೇಲೆ ಗೌರವ ಇದೆಯಾ, ಡಿಫೆನ್ಸಿಗೆ ಇನ್ನೂ ದುಡ್ಡು ಸುರೀಬೇಕಾ, ಹುಡುಗರು ಸೇನೆಗೆ ಹೋಗ್ಬೇಕಾ, ನಿಮ್ಮ ಮಗನ್ನ ಕಳಿಸ್ತೀರಾ. ಗಡಿಯಲ್ಲಿ ಗುಂಡಿನ ಸದ್ದಾದ ವಾರ ಮೊದಲ ಮೂರಕ್ಕೆ ಊರಿಗೆ ಊರೇ ಹೌದು ಅನ್ನುತ್ತೆ, ನಾಲ್ಕನೇದಕ್ಕೆ ಬರೋ ಉತ್ತರ ಬಹಳ ಕಡೆ ಮೊದಲಿದ್ದ ಹಾಗೇ ಇರುತ್ತೆ.

ನಮ್ಮೂರ ಗ್ರೌಂಡಲ್ಲಿ ನಡೆದದ್ದು ಹೇಳ್ತೀನಿ. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮಲ್ಲಿ 26 ಜನರನ್ನ ಕೊಂದ್ರು, ಮೇ 7ಕ್ಕೆ ಆಪರೇಷನ್ ಸಿಂಧೂರ, 10ಕ್ಕೆ ಕದನವಿರಾಮ. ಆ ವಾರ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋದ್ರೆ ಗ್ರೌಂಡ್ ತುಂಬ ಹುಡುಗ್ರು, ಎಣಿಸಿದೆ, ಇಪ್ಪತ್ಮೂರು ಜನ. ಒಬ್ಬ ಕ್ರಾಕ್ಸ್ ಹಾಕ್ಕೊಂಡೇ ಓಡ್ತಿದ್ದ, ಇನ್ನೊಬ್ಬ ಎರಡು ರೌಂಡಿಗೇ ಬೇಲಿ ಹಿಡ್ಕೊಂಡು ವಾಂತಿ ಮಾಡ್ದ, ಮತ್ತಿಬ್ಬರು ಓಡೋದಕ್ಕಿಂತ ಜಾಸ್ತಿ ರೀಲ್ಸ್ ಮಾಡ್ತಿದ್ರು, ಹಿನ್ನೆಲೆಗೆ ದೇಶಭಕ್ತಿ ಹಾಡು. ಆ ವರ್ಷ ಮಳೆ ಬೇಗ, ಮೇ ಕೊನೆಗೇ ಹಿಡೀತು. ಗ್ರೌಂಡಲ್ಲಿ ನೀರು, ಹುಲ್ಲಲ್ಲಿ ಜಿಗಣೆ, ಬೆಳಿಗ್ಗೆ ಆರಾದ್ರೂ ಕತ್ತಲು. ಜುಲೈ ಕೊನೆಗೆ ಕೊಡೆ ಹಿಡ್ಕೊಂಡು ಹೋಗಿ ನೋಡ್ತೀನಿ, ಐದು ಜನ ಓಡ್ತಿದ್ದಾರೆ. ಅದ್ರಲ್ಲಿ ನಾಲ್ಕು ಜನ ಪಹಲ್ಗಾಮಿಗಿಂತ ಮುಂಚೆನೇ ದಿನಾ ಬರ್ತಿದ್ದವರು. ಯುದ್ಧದ ಬಿಸಿಗೆ ಬಂದು ಉಳಿದವನು ಒಬ್ಬನೇ ಒಬ್ಬ.

ಒಂದು ಗ್ರೌಂಡ್ ನೋಡಿ ದೇಶದ ಲೆಕ್ಕ ಹೇಳೋಕಾಗಲ್ಲ, ಒಪ್ತೀನಿ. ಹಾಗಾದ್ರೆ ದೊಡ್ಡ ಲೆಕ್ಕವನ್ನೇ ತಗೊಳ್ಳಿ. 1914ರಲ್ಲಿ ಬ್ರಿಟನ್ ಯುದ್ಧಕ್ಕಿಳಿದಾಗ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಜನ ತಾವಾಗೇ ಬಂದು ಸೇರಿದ್ರು, ರಿಕ್ರೂಟ್‌ಮೆಂಟ್ ಆಫೀಸ್ ಮುಂದೆ ಮೈಲುದ್ದ ಕ್ಯೂ. ಯುದ್ಧ ಮುಂದುವರೀತು, ಭಯ ಕಮ್ಮಿ ಆಗಿರ್ಲಿಲ್ಲ, ಜಾಸ್ತಿನೇ ಆಗಿತ್ತು, ಆದ್ರೂ ಕ್ಯೂ ಕರಗಿ 1916ರ ಜನವರಿಗೆ ಕಡ್ಡಾಯ ಸೇನಾಸೇವೆ ಕಾನೂನು ತರ್ಬೇಕಾಯ್ತು. ಉಕ್ರೇನಲ್ಲೂ ಅಷ್ಟೇ. 2022ರ ಫೆಬ್ರವರಿಲಿ ರಷ್ಯಾ ಒಳಗೆ ನುಗ್ಗಿದಾಗ ಬಂದೂಕಿಗಾಗಿ ಜನ ಸಾಲು ನಿಂತಿದ್ದನ್ನ ನಾವೆಲ್ಲ ಟಿವಿಲಿ ನೋಡಿದ್ವಿ, ಎರಡು ವರ್ಷ ಆಗೋ ಹೊತ್ತಿಗೆ, 2024ರ ಏಪ್ರಿಲ್‌ಗೆ, ಕಡ್ಡಾಯವಾಗಿ ಕರೆಯೋ ವಯಸ್ಸನ್ನ 27ರಿಂದ 25ಕ್ಕೆ ಇಳಿಸಿದ್ರು. ಶತ್ರು ಮನೆ ಅಂಗಳಕ್ಕೇ ಬಂದಿದ್ರೂ ಹೀಗೆ. ಉಕ್ರೇನಿನವ್ರು ಹೇಡಿಗಳು ಅಂತ ಇದರರ್ಥ ಅಲ್ಲ ಮತ್ತೆ, ಮನುಷ್ಯನ ಆವೇಶಕ್ಕೆ ಇರೋ ಆಯಸ್ಸೇ ಅಷ್ಟು.

ಇನ್ನೊಂದು, ನಿಜವಾದ ಅಪಾಯ ಬೇರೆ, ಜನಕ್ಕೆ ಅನ್ನಿಸೋ ಅಪಾಯ ಬೇರೆ. ಇದಕ್ಕೆ ನಮ್ಮ ಮಡಿಕೇರಿಯಲ್ಲೇ ಹುಟ್ಟಿದ ಜನರಲ್ ತಿಮ್ಮಯ್ಯನವರಿಗಿಂತ ಒಳ್ಳೆ ಉದಾಹರಣೆ ಬೇಡ. ಅವರು ಸೇನಾ ಮುಖ್ಯಸ್ಥರಾಗಿದ್ದು 1957ರಿಂದ 61ರವರೆಗೆ. 1959ರ ಆಗಸ್ಟಲ್ಲಿ ಈಶಾನ್ಯದ ಗಡಿಯ ಲೊಂಗ್ಜುವಲ್ಲಿ ಚೀನೀಯರು ಗುಂಡು ಹಾರಿಸಿದ್ರು, ಅದೇ ತಿಂಗಳ ಕೊನೆಗೆ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಬರದೆ ತಿಮ್ಮಯ್ಯ ರಾಜೀನಾಮೆ ಬರೆದ್ರು, ನೆಹರೂ ಮಾತಿಗೆ ವಾಪಸ್ ತಗೊಂಡ್ರು. ಅಕ್ಟೋಬರಲ್ಲಿ ಲಡಾಖಿನ ಕೊಂಗ್ಕಾ ಲಾದಲ್ಲಿ ನಮ್ಮ ಪೊಲೀಸರು ಸತ್ರು. ಅಂದ್ರೆ ಅಪಾಯ ಬಾಗಿಲಿಗೇ ಬಂದು ನಿಂತಿತ್ತು. ಆದ್ರೆ ದೇಶದ ಕಿವೀಲಿ ಇನ್ನೂ ಹಿಂದಿ ಚೀನೀ ಭಾಯಿ ಭಾಯಿ ಗುಂಯ್‌ಗುಡ್ತಿತ್ತು, ಸೇನೆ ಬಗ್ಗೆ ಬೀದೀಲಿ ಮಾತಾಡೋರು ಯಾರಿದ್ರು? 1962ರ ಅಕ್ಟೋಬರ್ 20ಕ್ಕೆ ಚೀನಾ ದಾಳಿ ಮಾಡಿದ್ಮೇಲೆ ಒಂದೇ ತಿಂಗಳಲ್ಲಿ ಎಲ್ಲ ತಿರುಗಿ ಬಿತ್ತು. ಹೆಂಗಸರು ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ರು, ರಕ್ತದಾನಕ್ಕೆ ಸಾಲು ನಿಂತ್ರು. ನನ್ನಮ್ಮ ಒಂದು ಜೊತೆ ಓಲೆ ಕೊಟ್ಟಿದ್ರಂತೆ, ಅದರ ರಸೀದಿನ ಸಾಯೋವರೆಗೂ ಪಂಚಾಂಗದೊಳಗೆ ಇಟ್ಕೊಂಡಿದ್ರು, ಮೂಲೆ ಎಲ್ಲ ಗೆದ್ದಲು ತಿಂದು ಮೊತ್ತ ಮಾತ್ರ ಓದೋ ಹಾಗಿತ್ತು. ನನ್ನ ಅಣ್ಣ ಆಗ ಹೈಸ್ಕೂಲು, ಅವನನ್ನ ಮಿಲಿಟ್ರಿಗೆ ಕಳಿಸೋ ಮಾತು ಬಂದಾಗ ಇದೇ ಅಮ್ಮ ಕಾವೇರಮ್ಮನ ಮೇಲೆ ಆಣೆ ಹಾಕಿ ತಡೆದ್ರು. ಚಿನ್ನ ಕೊಟ್ರು, ಮಗನ್ನ ಕೊಡ್ಲಿಲ್ಲ. ನಾನು ಹೇಳ್ತಿರೋ ಎರಡನೇ ಪ್ರಶ್ನೆ, ನಾಲ್ಕನೇ ಪ್ರಶ್ನೆ ನಮ್ಮ ಮನೇಲೇ ಹೀಗಿತ್ತು.

ಹಾಗಾದ್ರೆ ಭಯದಿಂದ ಏನೂ ಆಗಲ್ವಾ ಅಂದ್ರೆ ಆಗುತ್ತೆ, ಆದ್ರೆ ಬೇರೆ ದಾರೀಲಿ. ಭಯ ಹುಡುಗನ ಎದೇಲಿ ಮಾಡೋ ಕೆಲಸಕ್ಕಿಂತ ಸರ್ಕಾರದ ತಲೇಲಿ ಮಾಡೋ ಕೆಲಸ ದೊಡ್ಡದು. 62ರ ಪೆಟ್ಟು ಬಿದ್ಮೇಲೆ ಸೇನೆ ದೊಡ್ಡದು ಮಾಡಿದ್ರು, ಎಮರ್ಜೆನ್ಸಿ ಕಮಿಷನ್ ಅಂತ ಶುರು ಮಾಡಿ ಡಿಗ್ರಿ ಹುಡುಗರನ್ನ ಬೇಗ ಬೇಗ ಆಫೀಸರ್ ಮಾಡಿದ್ರು. ಬಾಗಿಲು ಅಗಲ ಆಯ್ತು, ಅದಕ್ಕೇ ಜನ ಒಳಗೆ ಹೋದ್ರು. ಅದೇ ಹೊತ್ತಲ್ಲಿ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯ ಮಾಡಿದ್ರು, 1968ಕ್ಕೆ ಅದನ್ನ ಬಿಟ್ಟು ಇಷ್ಟ ಇದ್ದೋರಿಗೆ ಮಾತ್ರ ಅಂದ್ರು. ಮಧ್ಯೆ 65ರ ಯುದ್ಧಾನೂ ಆಗಿತ್ತು ನೋಡಿ, ಭಯಕ್ಕೇನೂ ಬರ ಇರ್ಲಿಲ್ಲ. ಐದು ವರ್ಷ ಅಷ್ಟೇ ಬಾಳಿಕೆ ಬಂದದ್ದು. ಇಷ್ಟ ಇಲ್ಲದ ನೂರು ಹುಡುಗರನ್ನ ಬಿಸಿಲಲ್ಲಿ ನಿಲ್ಲಿಸಿ ಪರೇಡ್ ಮಾಡ್ಸೋದು ಎಷ್ಟು ಕಷ್ಟ ಅಂತ ಎನ್‌ಸಿಸಿ ನಡೆಸಿದ ಯಾವ ಮೇಷ್ಟ್ರನ್ನ ಬೇಕಾದ್ರೂ ಕೇಳಿ. ನನ್ನ ಕಾಲದಲ್ಲಿ ಇಷ್ಟಪಟ್ಟು ಬಂದವರಲ್ಲೇ ಅರ್ಧ ಜನ ಶನಿವಾರದ ಪೂರಿ ಸಾಗುಗೆ ಬರ್ತಿದ್ರು, ಆ ಪೂರಿ ನಿಲ್ಲಿಸಿದ ವರ್ಷ ಅಟೆಂಡೆನ್ಸ್ ನೋಡೋ ಹಾಗಿರ್ಲಿಲ್ಲ.

ಈಗ ನಿಮ್ಮ ಹೆಂಡತಿ ವಿಷಯ. ಅವರಪ್ಪ ಶ್ರೀಲಂಕಾಕ್ಕೆ ಹೋಗಿದ್ರು ಅಂದ್ರಿ. ನಮ್ಮ ಶಾಂತಿಪಾಲನಾ ಪಡೆ ಅಲ್ಲಿದ್ದಿದ್ದು 1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ, ಸುಮಾರು 1,200 ಜನ ಸತ್ರು. ಕಾರ್ಗಿಲಲ್ಲಿ ಸತ್ತವರು 527. ಲೆಕ್ಕದಲ್ಲಿ ಲಂಕೆಯಲ್ಲಿ ಸತ್ತವರು ಎರಡು ಪಾಲಿಗಿಂತ ಜಾಸ್ತಿ. ಆದ್ರೆ ಕಾರ್ಗಿಲ್ ಹುತಾತ್ಮರ ಹೆಸರು ಊರೂರಿನ ಸರ್ಕಲಲ್ಲಿ ಇದೆ, ಲಂಕೆಯಲ್ಲಿ ಸತ್ತವರದ್ದು ಎಷ್ಟು ಕಡೆ ನೋಡಿದ್ದೀರಿ? ಕೊನೇ ತುಕಡಿ ಹಡಗಲ್ಲಿ ಬಂದು ಮದ್ರಾಸಲ್ಲಿ ಇಳಿದಾಗ ಆಗಿನ ತಮಿಳುನಾಡು ಮುಖ್ಯಮಂತ್ರಿ ಸ್ವಾಗತಕ್ಕೇ ಹೋಗ್ಲಿಲ್ಲ. ಕಾರಣ ಸಿಂಪಲ್. 1999ರಲ್ಲಿ ಶತ್ರು ನಮ್ಮ ಗುಡ್ಡದ ಮೇಲೆ ಕೂತಿದ್ದಾನೆ ಅಂತ ಜನಕ್ಕೆ ಕಾಣ್ತಿತ್ತು, ಟಿವಿ ದಿನಾ ತೋರಿಸ್ತಿತ್ತು. ಲಂಕೆಯಲ್ಲಿ ನಮ್ಮ ಶತ್ರು ಯಾರು ಅಂತಲೇ ಜನಕ್ಕೆ ತಿಳೀಲಿಲ್ಲ, ತಮಿಳುನಾಡಲ್ಲಂತೂ ಬಹಳ ಜನಕ್ಕೆ ಎದುರಿಗಿದ್ದ ಎಲ್‌ಟಿಟಿಇ ಶತ್ರುನೇ ಅಲ್ಲ. ಸೈನಿಕ ಪಟ್ಟ ಕಷ್ಟ ಒಂದೇ, ಬಿದ್ದ ರಕ್ತ ಒಂದೇ, ಊರಿನ ಮರ್ಯಾದೆ ಮಾತ್ರ ಬೇರೆ. ಆ ಮೂರು ವರ್ಷ ನಿಮ್ಮ ಹೆಂಡತಿ ಏಳೆಂಟು ವರ್ಷದ ಮಗು ಇದ್ದಿರ್ಬೇಕು, ಅಂಚೆಯವನ ಸೈಕಲ್ ಬೆಲ್ ಕೇಳಿದ್ರೆ ಅಮ್ಮನ ಮುಖ ಹೇಗಾಗ್ತಿತ್ತು ಅಂತ ನೋಡಿ ಬೆಳೆದವರು. ಅವರಿಗೆ ಗೊತ್ತಿದೆ, ಯುದ್ಧ ಬಂದಾಗ ಕೈ ತಟ್ಟೋ ಊರು ಎಲ್ಲ ಯುದ್ಧಕ್ಕೂ ಕೈ ತಟ್ಟಲ್ಲ ಅಂತ. ಇದನ್ನ ನಿಮ್ಮ ಮಗನಿಗೆ ಟಿವಿಯೋರು ಹೇಳಲ್ಲ, ಅವನಮ್ಮನೇ ಹೇಳ್ಬೇಕು.

ಮರ್ಯಾದೆ ಅಂದಾಗ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರದ್ದು ನೆನಪಾಗುತ್ತೆ. 1965ರ ಸೆಪ್ಟೆಂಬರ್ 7ಕ್ಕೆ ಸರಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋಗಿ, ತಮ್ಮ ಹಳೇ ಮಿಸ್ಟೇರ್ ವಿಮಾನದಲ್ಲೇ ಪಾಕಿಸ್ತಾನದ ಸ್ಟಾರ್‌ಫೈಟರ್ ಜೆಟ್ ಕೆಡವಿ ವಾಪಸ್ ಬರದೇ ಹೋದವರು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ! ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ, ದಿನಾ ಸಾವಿರ ಟೂರಿಸ್ಟ್ ಗಾಡಿ ಅದನ್ನ ಸುತ್ತು ಹಾಕ್ಕೊಂಡು ಹೋಗ್ತಾವೆ.

ಈಗ ಕೊಡಗಿನ ಪ್ರಶ್ನೆಗೇ ಬರೋಣ, ಯಾಕಂದ್ರೆ ನೀವು ಕೇಳದೇ ಇದ್ರೂ ಅದು ನಿಮ್ಮ ಪ್ರಶ್ನೆ ಒಳಗೇ ಇದೆ. ನಮ್ಮ ಜಿಲ್ಲೆಯಿಂದ ವಾಘಾ ಗಡಿಗೆ ಹಕ್ಕಿ ಹಾರೋ ದಾರೀಲೇ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಇಲ್ಲಿ ಯಾವ ಶೆಲ್ಲೂ ಬೀಳಲ್ಲ, ನಮಗೆ ದಿನನಿತ್ಯದ ಭಯ ಅಂದ್ರೆ ತೋಟಕ್ಕೆ ಬರೋ ಆನೆ, ಆಗಸ್ಟಲ್ಲಿ ಕುಸಿಯೋ ಗುಡ್ಡದ ಬರೆ. ಹೊರಗಿನ ಶತ್ರು ಭಯದಿಂದಲೇ ಜನ ಸೇನೆಗೆ ಹೋಗೋದಾಗಿದ್ರೆ ಕೊಡಗಿನಿಂದ ಒಬ್ಬರೂ ಹೋಗ್ಬಾರ್ದಿತ್ತು. 2011ರ ಗಣತಿಲಿ ಜಿಲ್ಲೆ ಜನಸಂಖ್ಯೆನೇ ಐದೂವರೆ ಲಕ್ಷ, ಬೆಂಗಳೂರಿನ ನಾಲ್ಕು ಬಡಾವಣೆಗೆ ಸಮ. ಅಂಥ ಜಿಲ್ಲೆಯಿಂದ ಕಾರ್ಯಪ್ಪ, ತಿಮ್ಮಯ್ಯ, ಅವರ ಹಿಂದೆ ಲೆಕ್ಕವಿಲ್ಲದಷ್ಟು ಸುಬೇದಾರರು, ಹವಾಲ್ದಾರರು.

ಇದಕ್ಕೆ ವೀರರ ನಾಡು, ರಕ್ತದಲ್ಲೇ ಇದೆ ಅಂತ ಭಾಷಣದಲ್ಲಿ ಹೇಳ್ತಾರಲ್ಲ, ನನಗೆ ಆ ಮಾತು ಕೇಳಿದ್ರೆ ಸ್ವಲ್ಪ ಕಿರಿಕಿರಿ. ನಾನು ಅರೆಭಾಷೆ ಗೌಡ, ಬ್ರಿಟಿಷರ ವಿರುದ್ಧ ದಂಗೆ ಎದ್ದು 1837ರಲ್ಲಿ ಮಡಿಕೇರಿ ಕೋಟೇಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರು ಹೇಳಿ ಎದೆ ಉಬ್ಬಿಸೋದು ನನಗೂ ಬರುತ್ತೆ, ಆದ್ರೆ ರಕ್ತದ ಕಥೆ ದಾಖಲೆಗೆ ಹೊಂದಲ್ಲ. ನೋಡಿ, ಯುದ್ಧಪ್ರಿಯ ಜನಾಂಗ ಅನ್ನೋ ಸಿದ್ಧಾಂತ ತಲೆಗೆ ಹತ್ತಿದ್ದ ಬ್ರಿಟಿಷರು ಕೊಡಗಿನವರಿಂದ ಒಂದು ಪಲ್ಟಣನೇ ತುಂಬಿಸೋಣ ಅಂತ ಹೊರಟ್ರು, 71ನೇ ಕೂರ್ಗ್ ರೈಫಲ್ಸ್ ಅಂತ ಹೆಸರಿಟ್ರು, 1904ರಲ್ಲಿ ಮುಚ್ಚಿದ್ರು. ಸೇರೋಕೆ ಸಾಕಷ್ಟು ಜನ ಸಿಗ್ಲಿಲ್ಲ! ಗದ್ದೆ, ತೋಟ, ಕೋವಿ ಎಲ್ಲ ಮನೇಲೇ ಇರೋವಾಗ ದೂರದ ಕಂಟೋನ್ಮೆಂಟಲ್ಲಿ ಸಿಪಾಯಿ ಆಗಿ ಇನ್ನೊಬ್ಬನಿಗೆ ಸೆಲ್ಯೂಟ್ ಹೊಡೆಯೋಕೆ ಯಾರು ಹೋಗ್ತಾರೆ? ಆಮೇಲೆ ಎಂತ ಬದಲಾಯ್ತು? ಮೊದಲ ಮಹಾಯುದ್ಧದ ಒತ್ತಡಕ್ಕೆ 1917ರಲ್ಲಿ ಬ್ರಿಟಿಷರು ಭಾರತೀಯರಿಗೂ ಕಿಂಗ್ಸ್ ಕಮಿಷನ್ ಕೊಡ್ತೀವಿ, ಅಂದ್ರೆ ಬಿಳಿಯರ ಸಮಕ್ಕೆ ಆಫೀಸರ್ ಆಗ್ಬಹುದು ಅಂದ್ರು. ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪ ಇಂದೋರಲ್ಲಿ ಟ್ರೈನಿಂಗ್ ಮುಗಿಸಿ ಕಮಿಷನ್ ತಗೊಂಡಿದ್ದು 1919ರ ಡಿಸೆಂಬರಲ್ಲಿ, ಯುದ್ಧ ಮುಗಿದು ವರ್ಷ ಆಗಿತ್ತು. 1926ರಲ್ಲಿ ತಿಮ್ಮಯ್ಯ ಸ್ಯಾಂಡ್‌ಹರ್ಸ್ಟಿಂದ ಬಂದ್ರು. 1949ರ ಜನವರಿ 15ಕ್ಕೆ ಕಾರ್ಯಪ್ಪ ಇಡೀ ಸೇನೆಯ ದಂಡನಾಯಕ ಆದಾಗ ಇಲ್ಲಿನ ಪ್ರತಿ ಮನೆಗೂ ಅದು ಕೈಗೆಟುಕೋ ವಿಷಯ ಅನ್ನಿಸ್ತು. ಅಲ್ಲಿಂದ ಮುಂದೆ ಅದು ಅಭ್ಯಾಸ. ಅಜ್ಜ ಹೋದ, ಅಪ್ಪ ಹೋದ, ಹಾಗಾಗಿ ಮಗ ಹೋದ.

ಅಭ್ಯಾಸಕ್ಕೂ ಹಳೇ ಬೇರಿದೆ. ಕೊಡಗು ಆಳಿದ ಹಾಲೇರಿ ರಾಜರ ಕಾಲದ ಜಮ್ಮಾ ಭೂಮಿ ಅಂದ್ರೇನು? ಒಕ್ಕಕ್ಕೆ, ಅಂದ್ರೆ ಮನೆತನಕ್ಕೆ, ಗದ್ದೆ, ಕಂದಾಯದಲ್ಲಿ ಅರ್ಧ ಮಾಫಿ, ಬದಲಿಗೆ ರಾಜ ಕರೆದಾಗ ಆಯುಧ ಹಿಡ್ಕೊಂಡು ಹೋಗ್ಬೇಕು. ಅಂದ್ರೆ ಸೇವೆ ಅನ್ನೋದು ಭೂಮಿಗೆ ಕಟ್ಟಿದ್ದ ಹಗ್ಗ, ಆವೇಶದ ವಿಷಯ ಅಲ್ಲ. ನಮ್ಮ ಕಡೆ ಲೈಸೆನ್ಸ್ ಇಲ್ಲದೇ ಕೋವಿ ಇಟ್ಕೊಳ್ಳೋ ವಿನಾಯ್ತಿ 1861ರಿಂದ ಬಂದಿದ್ದು, ಈಗ 2029ರವರೆಗೆ ವಿಸ್ತರಿಸಿದ್ದಾರೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಐನ್‌ಮನೆಗೆ, ಅಂದ್ರೆ ಒಕ್ಕದ ಮೂಲ ಮನೆಗೆ ಹೋಗಿ ನೋಡಿ, ನಡುಮನೆಯ (ನೆಲ್ಲಕ್ಕಿ ನಡುಬಾಡೆ) ದೀಪದ ಮುಂದೆ ಕೋವಿ ಒರಗಿಸಿ, ನಳಿಗೆಗೆ ತೋಕ್ ಪೂ, ಅಂದ್ರೆ ಕೋವಿ ಹೂವು ಸಿಕ್ಕಿಸಿ ಗಂಧ ಹಚ್ಚಿರ್ತಾರೆ. ಪಕ್ಕದ ಗೋಡೆ ಮೇಲೆ ಯೂನಿಫಾರ್ಮ್ ಫೋಟೋಗಳು, ಕಪ್ಪು ಬಿಳುಪು, ಬಣ್ಣ, ಕೊನೆಗೆ ಫ್ಲೆಕ್ಸ್. ಐದು ವರ್ಷದ ಮಗು ಅಕ್ಕಿ ಕಡುಬು, ಕಡಂಬುಟ್ಟು, ಕೈಯಲ್ಲಿ ಹಿಡ್ಕೊಂಡು ಆ ಫೋಟೋ ಕೆಳಗೆ ಕೂತು ತಿನ್ನುತ್ತೆ. ಆ ಮಗುಗೆ ಪಾಕಿಸ್ತಾನ ಎಲ್ಲಿದೆ ಅಂತ ಗೊತ್ತಿಲ್ಲ, ಚೀನಾ ಗೊತ್ತಿಲ್ಲ. ಮಿಲಿಟ್ರಿ ಅಂದ್ರೆ ರಜೆಗೆ ಬರುವಾಗ ಟ್ರಂಕ್ ತುಂಬ ಚಾಕ್ಲೇಟು ತರೋ ದೊಡ್ಡಪ್ಪ. ಅಲ್ಲಿ ಶುರುವಾಗೋ ಮನಸ್ಸಿಗೂ ಮೇ 7ರ ರಾತ್ರಿ ಟಿವಿ ಸೈರನ್ ಕೇಳಿ ಶುರುವಾಗೋ ಮನಸ್ಸಿಗೂ ಬಾಳಿಕೇಲಿ ವ್ಯತ್ಯಾಸ ಇದೆ.

ಭಯ ಹತ್ತಿರ ಇದ್ದು ತಲೆಮಾರುಗಟ್ಟಲೆ ಉಳಿದ್ರೆ ಅದೂ ಹೀಗೇ ಅಭ್ಯಾಸ ಆಗುತ್ತೆ. ಫಿನ್ಲೆಂಡಿಗೆ ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ. ಶೀತಲ ಸಮರ ಮುಗೀತು ಅಂತ ಯುರೋಪಿನ ಅರ್ಧ ದೇಶಗಳು ಕಡ್ಡಾಯ ಸೇವೆ ಬಿಟ್ಟಾಗ್ಲೂ ಅವರು ಬಿಡ್ಲಿಲ್ಲ. 2015ರ ಒಂದು ಅಂತಾರಾಷ್ಟ್ರೀಯ ಸಮೀಕ್ಷೇಲಿ ದೇಶಕ್ಕಾಗಿ ಯುದ್ಧಕ್ಕೆ ಹೋಗ್ತೀರಾ ಅಂದಿದ್ದಕ್ಕೆ ಫಿನ್ಲೆಂಡಲ್ಲಿ 74 ಪರ್ಸೆಂಟ್ ಹೌದು ಅಂದ್ರು, ಜಪಾನಲ್ಲಿ 11. ಜಪಾನ್ ಪಕ್ಕ ಚೀನಾ ಇದೆ, ಉತ್ತರ ಕೊರಿಯಾ ಮಿಸೈಲ್ ಹಾರಿಸ್ತಾನೇ ಇರುತ್ತೆ, ಆದ್ರೂ 11! ಹಾಗಾಗಿ ಭಯ ಎಷ್ಟಿದೆ ಅನ್ನೋದಷ್ಟೇ ಲೆಕ್ಕಕ್ಕಿಲ್ಲ, ಹಿಂದಿನ ಯುದ್ಧ ಆ ಜನಕ್ಕೆ ಎಂತ ಕಲಿಸಿತ್ತು ಅನ್ನೋದೂ ಸೇರುತ್ತೆ. ಫಿನ್‌ಗಳಿಗೆ 1939ರ ಚಳಿಗಾಲದ ಯುದ್ಧ ಮನೆ ಉಳಿಸ್ಕೊಂಡ ಕಥೆ, ಜಪಾನೀಯರಿಗೆ 1945 ಮನೆ ಸುಟ್ಟುಕೊಂಡ ಕಥೆ. ಸ್ವೀಡನ್ 2010ರಲ್ಲಿ ಕಡ್ಡಾಯ ಸೇವೆ ನಿಲ್ಲಿಸಿತ್ತು, 2014ರಲ್ಲಿ ರಷ್ಯಾ ಕ್ರಿಮಿಯಾ ನುಂಗಿದ್ಮೇಲೆ 2017ರಲ್ಲಿ ವಾಪಸ್ ತಂತು. ಲಿಥುವೇನಿಯಾ 2008ರಲ್ಲಿ ಬಿಟ್ಟು 2015ರಲ್ಲಿ ತಂತು. ತೈವಾನ್ ನಾಲ್ಕು ತಿಂಗಳಿಗೆ ಇಳಿಸಿದ್ದನ್ನ 2024ರಿಂದ ಮತ್ತೆ ಒಂದು ವರ್ಷ ಮಾಡ್ತು. ಇಲ್ಲೆಲ್ಲ ಗಮನಿಸಿ, ಜನ ಸಾಲು ನಿಂತು ಉಕ್ಕಿ ಬಂದು ಸೇನೆ ತುಂಬಿದ್ದಲ್ಲ, ಸರ್ಕಾರ ಕಾನೂನು ತಂತು, ಜನ ಸರಿ ಬಿಡಿ ಅಂತ ಒಪ್ಪಿದ್ರು. ಆ ಒಪ್ಪಿಗೆ ಕೊಡಿಸಿದ್ದು ಭಯ.

ಹಾಗಾದ್ರೆ ನಮ್ಮಲ್ಲೂ ಒಪ್ಪಿಗೆ ಇದೆಯಲ್ಲ, ಗ್ರೂಪಲ್ಲಿ ಎಲ್ಲರೂ ಕಡ್ಡಾಯ ಅಂತಿದ್ದಾರಲ್ಲ ಅಂತೀರಿ. ಸಂವಿಧಾನದ ಪ್ರಕಾರ ಅಡ್ಡಿ ಇಲ್ಲ, 23ನೇ ವಿಧಿಯ ಎರಡನೇ ಭಾಗ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರೋಕೆ ಸರ್ಕಾರಕ್ಕೆ ಅವಕಾಶ ಕೊಡುತ್ತೆ. ಅಡ್ಡಿ ಇರೋದು ಲೆಕ್ಕದಲ್ಲಿ. ನಮ್ಮ ದೇಶದಲ್ಲಿ ವರ್ಷಕ್ಕೆ ಕೋಟಿಗೂ ಮೀರಿ ಗಂಡುಹುಡುಗರು 18 ತುಂಬ್ತಾರೆ. ಸೇನೆಗೆ ಹುಡುಗರನ್ನ ತಗೊಳ್ಳೋ ಅಗ್ನಿಪಥ ಯೋಜನೆ ಮೊದಲ ವರ್ಷ ಕರೆದಿದ್ದು 46,000 ಜನರನ್ನ. ಕೋಟಿ ಜನಕ್ಕೆ ಬ್ಯಾರಕ್ಕು, ಬೂಟು, ಊಟ, ಹೇಳ್ಕೊಡೋ ಹವಾಲ್ದಾರರು ಎಲ್ಲಿಂದ ತರೋದು? ಇಡೀ ಸೇನೆನೇ ಹೈಸ್ಕೂಲಾಗಿ ಹೋಗುತ್ತೆ. ಇನ್ನೊಂದು ಸೂಕ್ಷ್ಮ ನೋಡಿ, ನಿಮ್ಮ ಗ್ರೂಪಲ್ಲಿ ಕಡ್ಡಾಯ ಅಂತ ಜೋರಾಗಿ ಬರೆಯೋರ ವಯಸ್ಸು ಎಷ್ಟು? ನನ್ನ ಗ್ರೂಪಲ್ಲಂತೂ ಎಲ್ಲ ಐವತ್ತು ದಾಟಿದವ್ರು. ಮಕ್ಕಳು ಕೆನಡಾದಲ್ಲಿ. ಒಂದಿನ ನಾನು ತಡೀಲಾರದೆ ನಿಮ್ಮ ಮೊಮ್ಮಗನಿಗೆ ಫಾರಂ ತರ್ಲಾ ಅಂತ ಕೇಳಿದೆ, ಆಮೇಲೆ ಎರಡು ದಿನ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಕೂಡ ಬರ್ಲಿಲ್ಲ.

ಭಯಕ್ಕಿಂತ ಷರತ್ತು ದೊಡ್ಡದು ಅನ್ನೋದಕ್ಕೆ ನಮ್ಮ ದೇಶದಲ್ಲೇ ಹೊಸ ಸಾಕ್ಷಿ ಇದೆ. 2020ರ ಜೂನ್ 15ಕ್ಕೆ ಗಾಲ್ವಾನಲ್ಲಿ ನಮ್ಮ 20 ಜನ ಸತ್ರು, ದೇಶ ಕುದೀತು, ಚೀನಾ ಮೊಬೈಲ್ ಒಡೆದ್ರು. ಸರಿಯಾಗಿ ಎರಡು ವರ್ಷಕ್ಕೆ, 2022ರ ಜೂನ್ 14ಕ್ಕೆ ಅಗ್ನಿಪಥ ಘೋಷಣೆ ಆಯ್ತು, ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ 25 ಜನರನ್ನ ಮಾತ್ರ ಉಳಿಸ್ಕೊಳ್ಳೋದು. ಬಿಹಾರದಲ್ಲಿ ರೈಲಿಗೆ ಬೆಂಕಿ ಬಿತ್ತು. ಬೀದಿಗಿಳಿದವರು ದೇಶದ್ರೋಹಿಗಳಲ್ಲ, ಕೋವಿಡ್‌ನಿಂದ ಎರಡು ವರ್ಷ ಸೇನಾ ಭರ್ತಿ ರ‍್ಯಾಲಿ ನಡೀದೆ ಇದ್ರೂ ಬೆಳಿಗ್ಗೆ ನಾಲ್ಕಕ್ಕೆದ್ದು ಓಡ್ತಿದ್ದ ಹುಡುಗ್ರು, ಸೇನೆನ ಅತಿ ಹೆಚ್ಚು ಪ್ರೀತಿಸ್ತಿದ್ದವರೇ. ಗಡಿಯಲ್ಲಿ ಚೀನಾ ಹಾಗೇ ಇತ್ತು, ಅಪಾಯ ಬದಲಾಗಿರ್ಲಿಲ್ಲ, ಪೆನ್ಷನ್ ಬದಲಾಗಿತ್ತು. ಕೊಡಗಲ್ಲೂ ಮಿಲಿಟ್ರಿ ಅಂದ್ರೆ ಬರೀ ದೇಶಸೇವೆ ಅಲ್ಲ, ಪೆನ್ಷನ್, ಕ್ಯಾಂಟೀನ್ ಕಾರ್ಡು, ಆಸ್ಪತ್ರೆ ಖರ್ಚು, ಮದುವೆ ಮಾತುಕತೇಲಿ ಒಂದು ತೂಕ. ಇದನ್ನ ಹೇಳಿದ್ರೆ ದೇಶಭಕ್ತಿಗೆ ಅವಮಾನ ಅಂತ ಕೆಲವ್ರು ಸಿಟ್ಟಾಗ್ತಾರೆ, ನನಗೆ ಹಾಗನ್ನಿಸಲ್ಲ, ಹೊಟ್ಟೆ ತುಂಬಿಸೋ ಕೆಲಸನ ಪ್ರಾಣ ಕೊಟ್ಟು ಮಾಡೋದ್ರಲ್ಲಿ ಕಮ್ಮಿ ಎಂತ ಇದೆ? ಇನ್ನೊಂದು ಕಡೆ 2024ರಲ್ಲಿ ರೊಬಸ್ಟಾ ಪಾರ್ಚ್‌ಮೆಂಟ್ ಕಾಫಿ 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿತು, ಹೋಂಸ್ಟೇ ಇದೆ, ಬೆಂಗಳೂರಿದೆ. ಐನ್‌ಮನೆ ಗೋಡೆ ಮೇಲೆ ಹೊಸ ಯೂನಿಫಾರ್ಮ್ ಫೋಟೋ ಕಮ್ಮಿ ಆಗ್ತಿದ್ರೆ ಅದಕ್ಕೆ ಕಾರಣ ಈಗಿನ ಹುಡುಗರಿಗೆ ಧೈರ್ಯ ಇಲ್ಲ ಅಂತ ನಾನಂತೂ ಹೇಳಲ್ಲ.

ನಿಮ್ಮ ಮಗನ ವಿಷಯ. ಜ್ವರ ಅಂತ ನಗಾಡ್ಬೇಡಿ, ಅದೇ ಹೊತ್ತಲ್ಲಿ ಹೂಮಾಲೆನೂ ತರ್ಬೇಡಿ. ನಮ್ಮ ಗ್ರೌಂಡಿನ ಆ ಐದನೇ ಹುಡುಗನ್ನ ನಾನು ಕೇಳಿದೆ, ಎಲ್ಲರೂ ಬಿಟ್ಟು ಹೋದ್ರಲ್ಲ ನೀನ್ಯಾಕೆ ಉಳಿದೆ ಅಂತ. ಜೀಪ್ ಡ್ರೈವರ್ ಮಗ, ಮನೇಲಿ ಯಾರೂ ಮಿಲಿಟ್ರಿಲಿಲ್ಲ. ಅವನು ಹೇಳಿದ್ದು ಪಾಕಿಸ್ತಾನದ ಹೆಸರಲ್ಲ, "ಆ ಅಣ್ಣ ನಂಗೆ ಶೂ ಕೊಟ್ಟ ಸರ್, ನಾಳೆ ಬಾರದಿದ್ರೆ ವಾಪಸ್ ಕೊಡು ಅಂದಿದ್ದಾನೆ" ಅಂದ. ಆ ನಾಲ್ಕು ಜನ ಹಳಬರಲ್ಲಿ ಒಬ್ಬ ಕೊಟ್ಟ ಶೂ, ಒಂದು ನಂಬರ್ ದೊಡ್ಡದು, ಮುಂದುಗಡೆ ಪೇಪರ್ ತುರುಕಿಕೊಂಡು ಓಡ್ತಿದ್ದ. ಹಾಗಾಗಿ ಮಗನಿಗೆ ಜೊತೆ ಹುಡುಕಿಕೊಡಿ, ಒಬ್ಬನೇ ಯೂಟ್ಯೂಬ್ ನೋಡ್ಕೊಂಡು ಓಡೋನು ಬೇಗ ಬಿಡ್ತಾನೆ. ಒಂದು ಸಂಜೆ ಅಜ್ಜನ ಜೊತೆ ಕೂರಿಸಿ, ಆದ್ರೆ ಅಜ್ಜ ಪದಕದ ಕಥೆ ಹೇಳೋದು ಬೇಡ, ಲಂಕೆಯ ಜಾಫ್ನಾದಲ್ಲಿ ಒಂದು ಸಾಮಾನ್ಯ ಮಂಗಳವಾರ ಹೇಗಿರ್ತಿತ್ತು ಅಂತ ಹೇಳ್ಲಿ, ಅವರ ಮಗಳೂ ಅಲ್ಲೇ ಕೂತು ಮನೇಲಿ ಆ ಮಂಗಳವಾರ ಹೇಗಿತ್ತು ಅಂತ ಹೇಳ್ಲಿ. ಇಷ್ಟು ಕೇಳಿದ್ಮೇಲೂ, ಒಂದು ಮಳೆಗಾಲ ಓಡಿದ್ಮೇಲೂ ಅವನ ಮನಸ್ಸು ಹಾಗೇ ಇದ್ರೆ ಅದು ಮೇ ತಿಂಗಳ ಮನಸ್ಸಲ್ಲ, ನಿಮ್ಮ ಹೆಂಡತಿಗೂ ಅದು ಗೊತ್ತಾಗುತ್ತೆ.

ಆಫೀಸರ್ ಆಗೋಕೆ ಬರೆಯೋ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪರೀಕ್ಷೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತೆ, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ, ಸೆಕೆಂಡ್ ಪಿಯುಸಿ ಓದ್ತಿರೋವಾಗ್ಲೇ ಬರೀಬಹುದು. 2022ರಿಂದ ಹೆಣ್ಣುಮಕ್ಕಳೂ ಸೇರ್ತಿದ್ದಾರೆ, ಮನೇಲಿ ತಂಗಿ ಇದ್ರೆ ಅವಳನ್ನೂ ಕೇಳಿ. ಆರ್ಮಿಗೆ ಯಾವ ಸಬ್ಜೆಕ್ಟ್ ಆದ್ರೂ ನಡೆಯುತ್ತೆ, ಆದ್ರೆ ಏರ್‌ಫೋರ್ಸ್, ನೇವಿಗೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸ್ ಬೇಕೇ ಬೇಕು, ಹಾಗಾಗಿ ಇಂಜಿನಿಯರಿಂಗ್ ಬೇಡ ಅಂತ ಈಗ ಮ್ಯಾಥ್ಸ್ ಪುಸ್ತಕ ಮೂಲೆಗೆ ಎಸೆಯೋಕೆ ಬಿಡ್ಬೇಡಿ, ಆ ಮೂರು ಸಬ್ಜೆಕ್ಟು ಎರಡೂ ದಾರಿಗೆ ಬೇಕಾಗುತ್ತೆ. ಎಲ್ಲಕ್ಕಿಂತ ಮುಂಚೆ ಈ ವಾರವೇ ಅವನ ಕಣ್ಣು ಟೆಸ್ಟ್ ಮಾಡ್ಸಿ, ಬಣ್ಣ ಸರಿ ಕಾಣುತ್ತಾ ಅಂತಾನೂ ನೋಡ್ಸಿ, ವರ್ಷಗಟ್ಟಲೆ ಓಡಿ ಕೊನೆಗೆ ಮೆಡಿಕಲ್‌ನಲ್ಲಿ ಕಣ್ಣಿಗಾಗಿ ವಾಪಸ್ ಬಂದ ಹುಡುಗರನ್ನ ನಾನು ಬಸ್ ಸ್ಟ್ಯಾಂಡಿಂದ ಮನೆಗೆ ಕರ್ಕೊಂಡು ಹೋಗಿದ್ದೀನಿ.